1917ರ ಮಿಲಿಟರಿ ರೈಫಲ್, ಲೈಸೆನ್ಸಿನಲ್ಲಿ ಮಾತ್ರ .315: ಅಸಲು ಯಾವುದು, ಹೇಗೆ ನೋಡುವುದು?

ತುಂಗಾತೀರ (ತೀರ್ಥಹಳ್ಳಿ)
ಕೇಪಿನ ಕೋವಿ, ಜೋಡುನಳಿಗೆ ಕೋವಿ ಬಗ್ಗೆ ಕೇಳಿದ್ರೆ ನಮ್ಮ ಕಡೆ ಮನೆಗೊಬ್ಬರು ತಿಳಿದವರು ಸಿಗ್ತಾರೆ. ಯುದ್ಧಕಾಲದ ರೈಫಲ್ ಅಂದ ಕೂಡಲೆ "ಅದು ತ್ರೀ ನಾಟ್ ತ್ರೀ" ಅಂದು ಅಲ್ಲಿಗೇ ಬಿಡ್ತಾರೆ. ಹತ್ತಿರದ ಸಂಬಂಧಿಕರ ಮನೇಲಿ ಒಂದು ಇದೆ, ಲೈಸೆನ್ಸ್ ಚಾಲ್ತಿಯಲ್ಲಿದೆ. ಲೈಸೆನ್ಸಿನಲ್ಲಿ ".315 ರೈಫಲ್" ಅಂತ ಬರೆದಿದೆ. ಆದರೆ ಬೋಲ್ಟಿನ ಹಿಡಿ ಕೆಳಗೆ, ಮರ ಶುರುವಾಗುವ ಜಾಗದ ಉಕ್ಕಿನ ಪಟ್ಟಿ ಮೇಲೆ ಕಿರೀಟ, ಜಿ.ಆರ್., ಬಿ.ಎಸ್.ಎ. ಕಂಪನಿ ಹೆಸರು, 1917, ಅದರ ಕೆಳಗೆ "ಶಾರ್ಟ್ ಎಲ್.ಇ. III" ಮತ್ತು ಒಂದು ನಕ್ಷತ್ರ ಇದೆ.

ಇದು ಸೈನ್ಯದ್ದೇ ಆದ್ರೆ .303 ಇರಬೇಕಿತ್ತಲ್ವಾ? .315 ಹೇಗಾಯ್ತು? ಇನ್ನೊಂದು, ಮರ ಪೂರ್ತಿ ಕಪ್ಪಾಗಿದೆ, ನಳಿಗೆ ಮೇಲೆ ಅಲ್ಲಲ್ಲಿ ತುಕ್ಕು ಇದೆ. ಆಯುಧ ಪೂಜೆಗೆ ಮುಂಚೆ ಪಾಲಿಶ್ ಮಾಡಿಸಬಹುದಾ?

ಹವಾಲ್ದಾರ್_ಸಾಗರ
ಮೊದಲು ಬೋಲ್ಟ್ ತೆಗೆದು, ಮ್ಯಾಗಜೀನ್ ಇಳಿಸಿ, ತೋಟೆ ಕೂರುವ ಚೇಂಬರಿಗೆ ಬೆರಳು ಹಾಕಿ ಖಾಲಿ ಅಂತ ಖಚಿತ ಮಾಡ್ಕೊಳ್ಳಿ. ಮತ್ತೆ, "ಯಾವ ತೋಟೆ ಕೂರುತ್ತೆ ನೋಡುವಾ" ಅಂತ ತೋಟೆ ಹಾಕಿ ನೋಡೋದು ಮಾತ್ರ ಬೇಡ. .303 ತೋಟೆಯ ಗುಂಡು ಸುಮಾರು 7.9 ಮಿ.ಮೀ. ದಪ್ಪ, .315ದು ಸುಮಾರು 8.2. ದಪ್ಪ ಗುಂಡನ್ನ ಸಣ್ಣ ನಳಿಗೆಗೆ ತುರುಕಿದ್ರೆ ಒತ್ತಡ ಎಲ್ಲಿಗೆ ಹೋಗುತ್ತೆ ಅಂತ ಹೇಳಬೇಕಾಗಿಲ್ಲ.

ಅಡಿಕೆಭಟ್ರು
ಪಾಲಿಶ್ ಮಾಡಿಸಿ ಮಾರಾಯ್ರೆ. ಎಮರಿ ಪೇಪರ್ ಹಾಕಿ ಉಜ್ಜಿ, ಹೊಸ ಬ್ಲೂಯಿಂಗ್ (ಉಕ್ಕಿನ ಕಡುನೀಲಿ ಬಣ್ಣ) ಕೊಟ್ಟು, ಮರಕ್ಕೆ ವಾರ್ನಿಶ್ ಹೊಡೆದ್ರೆ ಹೊಸದರ ಹಾಗೆ ಆಗುತ್ತೆ.

ಹಳೇಉಕ್ಕು
ಭಟ್ರೇ, ದಯವಿಟ್ಟು ಆ ಸಲಹೆ ಕೊಡಬೇಡಿ. ಎಮರಿ ಮುಟ್ಟಿದ ಕ್ಷಣ ಆ ರೈಫಲಿನ ದಾಖಲೆ ಅಳಿಸಿಹೋಯ್ತು ಅಂತಲೇ ಲೆಕ್ಕ. ಯುದ್ಧಕಾಲದ ರೈಫಲಿಗೆ ಬೆಲೆ ಬರೋದು ಅದರ ಮೈಮೇಲಿನ ಮುದ್ರೆಗಳಿಂದ: ತಪಾಸಣೆಯವರ ಸಣ್ಣ ಕಿರೀಟ, ಬಾಣದ ಗುರುತು, ನಂಬರು, ರಿಪೇರಿ ವರ್ಷ. ಕೆಲವು ಮುದ್ರೆಗಳ ಆಳ ಕೂದಲೆಳೆಯಷ್ಟೇ ಇರುತ್ತೆ. ಎರಡು ಸಲ ಉಜ್ಜಿದರೆ ಮಾಯ.

ತುಂಗಾತೀರ ಅವರೇ, ನಿಮ್ಮ ಪಟ್ಟಿ ಓದೋಣ. ಜಿ.ಆರ್. ಅಂದರೆ ಐದನೇ ಜಾರ್ಜ್ ಕಾಲ, 1910ರ ನಂತರ. ಅದಕ್ಕೂ ಮುಂಚಿನವಕ್ಕೆ ಇ.ಆರ್. ಇರುತ್ತೆ. "ಶಾರ್ಟ್ ಎಲ್.ಇ. III" ಅಂದರೆ ಶಾರ್ಟ್ ಲೀ-ಎನ್‌ಫೀಲ್ಡ್ ಮಾರ್ಕ್ 3. ಆ ಮಾರ್ಕ್ 3 ಬಂದದ್ದು 1907ರಲ್ಲಿ. ನಕ್ಷತ್ರದ ಮಾದರಿ 1916ರಿಂದ. ಯುದ್ಧದ ಅವಸರಕ್ಕೆ ಕೆಲಸ ಕಡಿಮೆ ಮಾಡಲು ಮ್ಯಾಗಜೀನ್ ತಡೆಯುವ ತಗಡು, ಎಡಬದಿಯಲ್ಲಿದ್ದ, ದೂರಕ್ಕೆ ಗುರಿ ಹಿಡಿಯುವ ವಾಲಿ ಸೈಟ್, ಹಿಂಸೈಟನ್ನು (ಗುರಿ ಹಿಡಿಯುವ ಹಿಂದಿನ ಸೈಟನ್ನು) ಅಡ್ಡಕ್ಕೆ ಸರಿಸುವ ತಿರುಪು, ಈ ಮೂರನ್ನೂ ಕೈಬಿಟ್ಟರು. ಹಾಗಾಗಿ 1917, ಬಿ.ಎಸ್.ಎ., ನಕ್ಷತ್ರ ಮೂರೂ ಒಂದಕ್ಕೊಂದು ಹೊಂದುತ್ತವೆ. ಬಾಡಿ, ಅಂದರೆ ಬೋಲ್ಟ್ ಕೂರುವ ಉಕ್ಕಿನ ಭಾಗ, ಸೈನ್ಯದ್ದೇ ಇರುವ ಸಾಧ್ಯತೆ ಹೆಚ್ಚು.

ಆದರೆ ಬಾಡಿ ಬೇರೆ, ನಳಿಗೆ ಬೇರೆ. ನಳಿಗೆ ಬದಲಾಗಿರಬಹುದು.

ಮೇಷ್ಟ್ರು_ಕೊಪ್ಪ
.315 ಎಲ್ಲಿಂದ ಬಂತು ಅನ್ನೋದಕ್ಕೆ ಕಾರಣ ಇದೆ. 20ನೇ ಶತಮಾನದ ಮೊದಲ ದಶಕದಲ್ಲೇ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸೈನ್ಯದ ಬೋರ್‌ಗಳನ್ನು (ಬೋರ್ ಅಂದರೆ ನಳಿಗೆಯ ಒಳ ಅಳತೆ, .303ರಂಥದ್ದು) ಖಾಸಗಿಯವರ ಕೈಗೆ ಕೊಡದಂತೆ ಕಟ್ಟು ಹಾಕಿತು. ಸೈನ್ಯದ ತೋಟೆ ಕದ್ದರೂ ಊರಿನ ಬಂದೂಕಿಗೆ ಹೊಂದಬಾರದು ಎಂಬ ಲೆಕ್ಕ ಅದು. ಆಗ ಬಿ.ಎಸ್.ಎ.ಯಂಥ ಕಂಪನಿಗಳು ಲೀ ಬೋಲ್ಟನ್ನೇ ಇಟ್ಟುಕೊಂಡು ಆಸ್ಟ್ರಿಯಾದ ಮ್ಯಾನ್‌ಲಿಷರ್ ತೋಟೆಗೆ, ಅಂದರೆ 8 ಮಿ.ಮೀ.ಗೆ, ಭಾರತದ ಮಾರುಕಟ್ಟೆಗಾಗಿ ರೈಫಲ್ ಮಾಡಿದವು. ಅದೇ .315. ಸ್ವಾತಂತ್ರ್ಯದ ಮೇಲೂ ಇಷಾಪುರದ ರೈಫಲ್ ಫ್ಯಾಕ್ಟರಿ ಇದೇ ಬೋರಿನಲ್ಲಿ ಸ್ಪೋರ್ಟಿಂಗ್ ರೈಫಲ್ ಮಾಡುತ್ತಾ ಬಂತು. ಹಾಗಾಗಿ .315 ಎಂದರೆ ಲೀ-ಎನ್‌ಫೀಲ್ಡಿನ ಒಡಹುಟ್ಟು.

ಸೊರಬ_ಹುಡುಗ
1917 ಅಂದ್ರೆ ನೂರು ವರ್ಷ ದಾಟಿತಲ್ಲ ಸರ್. ಆಂಟಿಕ್ ಅಲ್ವಾ? ಆಂಟಿಕ್‌ಗೆ ಲೈಸೆನ್ಸೇ ಬೇಡ ಅಂತಾರೆ. ಹಾಗಿದ್ಮೇಲೆ .303 ಇದ್ರೂ ಏನು ತೊಂದರೆ?

ಕಾಯಿದೆಪುಸ್ತಕ (ಶಿವಮೊಗ್ಗ)
ಈ ಮಾತು ಎಲ್ಲಾ ಕಡೆ ಓಡಾಡ್ತಿದೆ, ಅದಕ್ಕೆ ಬಿಡಿಸಿ ಹೇಳ್ತೀನಿ. 1959ರ ಆಯುಧ ಕಾಯಿದೆಯ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತೆ, ಸರಿ. ಆದರೆ ಷರತ್ತು ಏನು? ರಿಪೇರಿ ಮಾಡಿದರೂ, ಮಾಡದಿದ್ದರೂ ಅದು ಬಂದೂಕಾಗಿ ಕೆಲಸ ಮಾಡುವಂತಿರಬಾರದು. ಬೋಲ್ಟ್ ಸಮೇತ ಇರುವ 1917ರ ರೈಫಲ್ ಆ ಷರತ್ತಿಗೆ ಬರೋದೇ ಇಲ್ಲ. ಅದಕ್ಕೆ ಎಷ್ಟು ವಯಸ್ಸು ಅನ್ನೋದನ್ನ ಆ ಸೆಕ್ಷನ್ ಕೇಳೋದಿಲ್ಲ.

.303 ನಿಷೇಧಿತ ಬೋರ್. ಅದರ ಲೈಸೆನ್ಸ್ ನಮ್ಮ ಡಿಸಿ ಕಚೇರಿಯ ಕೈಯಲ್ಲಿಲ್ಲ, ಕೇಂದ್ರ ಗೃಹ ಇಲಾಖೆಗೆ ಹೋಗುತ್ತೆ. .315 ನಿಷೇಧಿತವಲ್ಲ, ಜಿಲ್ಲಾಧಿಕಾರಿಗಳೇ ಕೊಡಬಹುದು. ಆದ್ದರಿಂದ ನಳಿಗೆ ಯಾವುದು ಅನ್ನೋದು ಇಲ್ಲಿ ಸಣ್ಣ ಪ್ರಶ್ನೆ ಅಲ್ಲ.

2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಬಂದೂಕು, ಮೊದಲು ಮೂರು ಇತ್ತು. ಸಂಗ್ರಹ ಮಾಡ್ತೀನಿ ಅನ್ನೋರು ಈ ಮಿತಿಯನ್ನ ತಲೆಯಲ್ಲಿಟ್ಟುಕೊಂಡೇ ಯೋಚಿಸಬೇಕು.

ಕೋವಿಕಮ್ಮಾರ
ನಳಿಗೆ ಅಳೆಯೋದು ಹೇಗೆ ಅಂತ ಹೇಳ್ತೇನೆ. ಎಲ್ಲರೂ ವರ್ನಿಯರ್ ಹಿಡ್ಕೊಂಡು ಬಾಯಿ ಅಳೀತಾರೆ, ತಪ್ಪು ಬರುತ್ತೆ. ಎಂತಕ್ಕೆ ಅಂದ್ರೆ ಲೀ-ಎನ್‌ಫೀಲ್ಡ್ ನಳಿಗೆ ಒಳಗೆ ಐದು ಗಾಡಿ ಇರ್ತವೆ, ಎಡಕ್ಕೆ ತಿರುಗ್ತವೆ, ಹತ್ತು ಇಂಚಿಗೆ ಒಂದು ಸುತ್ತು. ಐದು ಬೆಸ ಸಂಖ್ಯೆ ಆದ್ದರಿಂದ ಒಂದು ದಿಣ್ಣೆಯ ಎದುರಿಗೆ ಇನ್ನೊಂದು ದಿಣ್ಣೆ ಬರೋದಿಲ್ಲ, ಗಾಡಿ ಬರುತ್ತೆ. ವರ್ನಿಯರ್ ತೋರಿಸೋದು ಬೋರೂ ಅಲ್ಲ, ಗಾಡಿ ಅಳತೆಯೂ ಅಲ್ಲ.

ಪಿನ್ ಗೇಜ್, ಅಂದ್ರೆ ಖಚಿತ ದಪ್ಪದ ಅಳತೆ ಕಡ್ಡಿ ಬೇಕು. .303 ಆದ್ರೆ ದಿಣ್ಣೆಗಳ ನಡುವೆ 7.70 ಮಿ.ಮೀ., .315 ಆದ್ರೆ 8.00ರ ಹತ್ತಿರ. 7.80ರ ಪಿನ್ ಸವೆಯದ .303 ನಳಿಗೆಗೆ ಇಳಿಯೋದಿಲ್ಲ. ಆದರೆ ಇಲ್ಲೊಂದು ಎಡವಟ್ಟು ಇದೆ. ನಳಿಗೆ ಶುಚಿ ಮಾಡಲು ಎಳೆಯುವ ಪುಲ್‌ಥ್ರೂ ದಾರ ಒಂದೇ ಬದಿಗೆ ಒರೆಸಿಕೊಂಡು ಎಳೆದೂ ಎಳೆದೂ ಬಾಯಿ ಸವೆದಿದ್ರೆ ಅದೇ ಪಿನ್ ಅರ್ಧ ಇಂಚು ಒಳಗೆ ಹೋಗಿ ನಿಲ್ಲುತ್ತೆ, ನೋಡಿದವರು ".315" ಅಂದುಬಿಡ್ತಾರೆ. ಹಾಗಾಗಿ ಪಿನ್ ಎಷ್ಟು ಆಳಕ್ಕೆ ಹೋಯ್ತು ನೋಡಿ. ಇನ್ನೂ ಅನುಮಾನ ಇದ್ರೆ ಲೈಸೆನ್ಸ್ ಇರುವ ಕುಶಲಿಗರ ಹತ್ತಿರ ಚೇಂಬರಿನ ಅಚ್ಚು ತೆಗೆಸಿ. .303ರ ಕೇಸ್ (ತೋಟೆಯ ಮದ್ದು ತುಂಬುವ ಕೋಶ) ಉದ್ದ 56 ಮಿ.ಮೀ. ಚಿಲ್ಲರೆ, .315ದು 50. ಆರು ಮಿ.ಮೀ. ವ್ಯತ್ಯಾಸಕ್ಕೆ ವಾದ ಇಲ್ಲ.

ಅಡಿಕೆಭಟ್ರು
ಗಾಡಿ ಅಂದ್ರೆ ರೈಫ್ಲಿಂಗ್ ಅಲ್ದಾ?

ಕೋವಿಕಮ್ಮಾರ
ಹೌದು ಭಟ್ರೇ. ಒಳಗಿನ ಸುರುಳಿ ಕಾಲುವೆ.

ಹಳೇಉಕ್ಕು
ನಂಬರುಗಳ ಬಗ್ಗೆ. ಎಲ್ಲೆಲ್ಲಿ ನೋಡಬೇಕು: ಬಾಡಿಯ ಮುಂಭಾಗದ ಬಲಬದಿ, ಅದರ ಪಕ್ಕದಲ್ಲೇ ನಳಿಗೆಯ ಬುಡ, ಬೋಲ್ಟ್ ಹಿಡಿಯ ಹಿಂಬದಿ, ಹಿಂಸೈಟ್ ಎಲೆಯ ಕೆಳಗೆ, ಮೂತಿಯ ಟೋಪಿ, ಮುಂದಿನ ಮರದ ತಳದಲ್ಲಿ ಆ ಟೋಪಿಯ ಹಿಂದೆ. ಆರೂ ಒಂದೇ ಆದರೆ ಕಾರ್ಖಾನೆಯಿಂದ ಬಂದ ಜೋಡಿ ಮುರಿದಿಲ್ಲ ಎಂದರ್ಥ, ಅದು ಅಪರೂಪ. ಸೈನ್ಯದ ರಿಪೇರಿಯಲ್ಲೇ ನಳಿಗೆ ಬದಲಿಸಿದ್ದರೆ ಹೊಸದಕ್ಕೂ ಬಾಡಿಯ ನಂಬರೇ ಹೊಡೆಯುತ್ತಿದ್ದರು, ವರ್ಷ ಮಾತ್ರ ಬೇರೆ ಇರುತ್ತೆ. ಎಫ್.ಟಿ.ಆರ್. ಎಂದು ವರ್ಷದ ಜೊತೆ ಕಂಡರೆ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ರಿಪೇರಿ ಆದದ್ದು. ಅದನ್ನು ದೋಷ ಎಂದು ತಿಳಿಯಬೇಡಿ.

ಬೋಲ್ಟ್ ನಂಬರ್ ಬೇರೆ ಇದ್ದರೆ ಮಾತ್ರ ಎಚ್ಚರ. ಬೋಲ್ಟಿನ ಕಿವಿಗಳನ್ನು ಆಯಾ ಬಾಡಿಗೆ ಕೂರಿಸಿರುತ್ತಾರೆ. ಯಾವುದೋ ಬೋಲ್ಟ್ ತಂದು ಹಾಕಿದರೆ ಹೆಡ್‌ಸ್ಪೇಸ್ (ಬೋಲ್ಟಿನ ತಲೆಗೂ ತೋಟೆಯ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ) ಹೆಚ್ಚಾಗಿ ತೋಟೆಯ ಕೇಸ್ ಹಿಂದಿನಿಂದ ಬಿರುಕು ಬಿಡುತ್ತೆ. .303ಕ್ಕೆ ಸೈನ್ಯದ ಮಿತಿ 0.064ರಿಂದ 0.074 ಇಂಚು. ಈ ಗೇಜನ್ನು .315ಗೆ ಹಾಕಿ ಅಳೆಯುವಂತಿಲ್ಲ, ಅದರದ್ದೇ ಗೇಜ್ ಬೇಕು.

ಸೊರಬ_ಹುಡುಗ
ಬೋಲ್ಟ್ ತಲೆ ಬದಲಿಸಿದ್ರೆ ಸರಿಯಾಗುತ್ತೆ ಅಂತ ಕೇಳಿದ್ದೆ. 0, 1, 2, 3 ಅಂತ ನಂಬರ್ ಇರುತ್ತಂತೆ.

ಹಳೇಉಕ್ಕು
ಅದು ನಂಬರ್ 4 ರೈಫಲಿಗೆ, ಎರಡನೇ ಮಹಾಯುದ್ಧದ್ದು. ಮಾರ್ಕ್ 3ರ ತಲೆಗಳ ಮೇಲೆ ಆ ಅಂಕೆ ಇರೋದಿಲ್ಲ. ಎರಡನ್ನೂ ದೂರದಿಂದಲೇ ಗುರುತಿಸಬಹುದು. ಮಾರ್ಕ್ 3ರ ಮೂತಿ ಮೊಂಡು, ನಳಿಗೆ ಟೋಪಿಯೊಳಗೇ ಮುಗಿಯುತ್ತೆ, ಹಿಂಸೈಟ್ ನಳಿಗೆ ಮೇಲೆ ಕೂತಿರುತ್ತೆ. ನಂಬರ್ 4ರಲ್ಲಿ ನಳಿಗೆ ಬೆರಳಿನಷ್ಟು ಹೊರಗೆ ಚಾಚಿರುತ್ತೆ, ಹಿಂಸೈಟ್ ಕಣ್ಣಿನ ಹತ್ತಿರ, ಬಾಡಿಯ ಮೇಲೆ. ಭಾರತೀಯ ಸೇನೆಯ ಹೆಚ್ಚಿನ ಪಡೆಗಳು ಎರಡನೇ ಯುದ್ಧದಲ್ಲೂ ಮಾರ್ಕ್ 3 ಹಿಡಿದೇ ಹೋರಾಡಿದವು.

ಹವಾಲ್ದಾರ್_ಸಾಗರ
ಇಷಾಪುರದ್ದಾದ್ರೆ ಕಿರೀಟದ ಕೆಳಗೆ ಜಿ.ಆರ್.ಐ. ಅಂತ ಇರುತ್ತೆ, ಸ್ವಾತಂತ್ರ್ಯದ ಮೇಲಿನವಕ್ಕೆ ಸಿಂಹಲಾಂಛನ. ಮುಂದಿನ ಮರಕ್ಕೆ ಮ್ಯಾಗಜೀನಿನ ಮುಂದೆ ಅಡ್ಡಡ್ಡ ಒಂದು ತಿರುಪು ಹಾಯ್ದಿದ್ರೆ ಅದು ಇಷಾಪುರದ ರಿಪೇರಿಯ ಗುರುತು, ಮರ ಸೀಳದ ಹಾಗೆ ಹಾಕಿದ್ದು. ಕೆಲವಕ್ಕೆ ಮರದ ಸುತ್ತ ತಾಮ್ರದ ತಂತಿ ಬಿಗಿದಿರುತ್ತೆ, ಗ್ರೆನೇಡ್ ಹಾರಿಸಲು ಇಟ್ಟಿದ್ದವು. ಯಾರೋ ಊರ ಆಚಾರಿ ಸುತ್ತಿದ್ದು ಅಂದ್ಕೊಂಡು ಬಿಚ್ಚಿ ಎಸೀತಾರೆ, ಹಾಗೆ ಮಾಡಬೇಡಿ. ಇಷಾಪುರದ ಕಪ್ಪು ಬಣ್ಣವನ್ನೂ ಕೆರೆಯಬೇಡಿ, ಅದು ಕಾರ್ಖಾನೆಯದ್ದೇ.

ಡಿ.ಪಿ. ಅಂತ ಮುದ್ರೆ ಇದ್ರೆ ಡ್ರಿಲ್‌ಗೆ ಮಾತ್ರ ಇಟ್ಟ ರೈಫಲ್. ಅದರಿಂದ ಹಾರಿಸುವ ಯೋಚನೆಯೇ ಬೇಡ.

ಮೇಷ್ಟ್ರು_ಕೊಪ್ಪ
ನಕಲಿಯ ಬಗ್ಗೆ ಯಾರೂ ಹೇಳಲಿಲ್ಲ. ಖೈಬರ್ ಕಣಿವೆಯ ಕಡೆ ಕೈಯಲ್ಲೇ ಮಾಡಿದ ಲೀ-ಎನ್‌ಫೀಲ್ಡುಗಳು ಉಪಖಂಡದ ತುಂಬ ಹರಡಿವೆ. ಮುದ್ರೆ ಹೊಡೆದವರಿಗೆ ಇಂಗ್ಲಿಷ್ ಓದಲು ಬಾರದ ಕಾರಣ ಎನ್ ಅಕ್ಷರ ಉಲ್ಟಾ ಇರುತ್ತೆ, ಅಕ್ಷರಗಳ ಸಾಲು ಅಂಕುಡೊಂಕು, ಕಿರೀಟ ಬೋಳು. ಇತಿಹಾಸ ಗೊತ್ತಿದ್ದರೆ ಇನ್ನೂ ಸುಲಭ: ಮಾರ್ಕ್ 3ರ ಮೇಲೆ ವಿ.ಆರ್. ಇದ್ದರೆ ನಕಲಿ. ವಿಕ್ಟೋರಿಯಾ ರಾಣಿ ತೀರಿದ್ದು 1901ರಲ್ಲಿ, ಮಾರ್ಕ್ 3 ಹುಟ್ಟಿದ್ದು 1907ರಲ್ಲಿ. ನೋಡಲು ಎಷ್ಟೇ ಚೆನ್ನಾಗಿರಲಿ, ಅವುಗಳ ಉಕ್ಕಿನ ಮೇಲೆ ನಂಬಿಕೆ ಇಡುವಂತಿಲ್ಲ.

ಶರಾವತಿ_ಹಿನ್ನೀರು
ವಿಷಯ ಸ್ವಲ್ಪ ಆಚೆ ಹೋಗ್ತದೆ, ಕ್ಷಮಿಸಿ. ಹಳೇ ಯುದ್ಧ ಸಾಮಗ್ರಿ ನೋಡಬೇಕು ಅನ್ನೋರು ಮೊದಲು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಂಗೆ ಹೋಗಿ. ಹೊಸನಗರ ತಾಲ್ಲೂಕು ನಗರದ ಪಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ ಸಿಕ್ಕವಲ್ಲ, ಹೈದರ್-ಟಿಪ್ಪು ಕಾಲದವು. ಕಬ್ಬಿಣದ ಕೊಳವೆಗಳು, ಒಂದು ಗೇಣಿಗಿಂತ ತುಸು ಉದ್ದ. ಕೆಸರಿನಲ್ಲಿ ಇನ್ನೂರು ವರ್ಷ ಇದ್ದ ಕಬ್ಬಿಣ ಹೇಗಿರುತ್ತೆ ಅಂತ ಗೊತ್ತಾಗುತ್ತೆ.

ಸೊರಬ_ಹುಡುಗ
ನಗರದ ರಾಕೆಟ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಅಕ್ಕಾ, ನಾನೂ ಬರ್ತೀನಿ.

ತುಂಗಾತೀರ (ತೀರ್ಥಹಳ್ಳಿ)
ಎಲ್ಲರಿಗೂ ವಂದನೆ. ಮರ ಬಿಚ್ಚಿ ನಳಿಗೆಯ ಕೆಳಭಾಗ ನೋಡಬೇಕು ಅಂತಿದ್ದೇನೆ. ಬಟ್ಟಿನ (ಹೆಗಲಿಗೆ ಆನಿಸುವ ಹಿಂದಿನ ಮರದ) ತಿರುಪಿನಿಂದ ಶುರು ಮಾಡೋದಾ?

ಕೋವಿಕಮ್ಮಾರ
ನಿಲ್ಲಿಸಿ! ಬಟ್ಟಿನ ಬೋಲ್ಟ್ ಮೊದಲು ತಿರುಗಿಸಬೇಡಿ. ಮಾರ್ಕ್ 3 ಹಾಳಾಗೋದೇ ಇಲ್ಲಿ. ಬಟ್ಟಿನೊಳಗಿನ ಉದ್ದ ಬೋಲ್ಟಿನ ತುದಿ ಚೌಕ. ಆ ಚೌಕ ಮುಂದಿನ ಮರದ ಹಿಂಬದಿಯಲ್ಲಿರುವ ಸಣ್ಣ ತಗಡಿನಲ್ಲಿ ಸಿಕ್ಕಿಕೊಂಡಿರುತ್ತೆ, ಸಡಿಲ ಆಗದಿರಲಿ ಅಂತ. ಮುಂದಿನ ಮರ ತೆಗೆಯದೆ ಬೋಲ್ಟ್ ತಿರುವಿದ್ರೆ ಚೌಕ ಒಳಗಿಂದ ಮರವನ್ನ ಸೀಳಿಬಿಡುತ್ತೆ. ನೂರು ವರ್ಷದ ಒಣಗಿದ ವಾಲ್‌ನಟ್ ಒಂದೇ ತಿರುವಿಗೆ ಟಪ್ ಅನ್ನುತ್ತೆ.

ಕ್ರಮ ಹೀಗೆ. ಬೋಲ್ಟ್ ಹೊರಗೆ, ಮ್ಯಾಗಜೀನ್ ಹೊರಗೆ. ಮೂತಿಯ ಟೋಪಿಯ ತಿರುಪುಗಳು ಬಿಚ್ಚಿ, ಟೋಪಿ ಮುಂದಕ್ಕೆ ಎಳೆದು ತೆಗೀರಿ. ಆಮೇಲೆ ನಡುವಿನ ಪಟ್ಟಿ ಬಿಚ್ಚಿ, ಮೇಲ್ಗಡೆಯ ಮರದ ಹೊದಿಕೆ ಎತ್ತಿ. ಕುದುರೆಯ (ಟ್ರಿಗರಿನ) ಗಾರ್ಡಿನ ಹಿಂದಿನ ತಿರುಪು, ನಂತರ ಮುಂದಿನದು. ಈಗ ಮುಂದಿನ ಮರ ನೇರ ಕೆಳಕ್ಕೆ ಇಳಿಯಬೇಕು, ಓರೆ ಎಳೆದ್ರೆ ಹಿಂದಿನ ಮೂಲೆ ಮುರಿಯುತ್ತೆ. ನಳಿಗೆಯ ಕೆಳಗೆ ಮೂತಿಯ ಹತ್ತಿರ ಒಂದು ಸಣ್ಣ ಸ್ಪ್ರಿಂಗು, ಮೊಳೆಯಂಥ ತುಂಡು ಇರುತ್ತೆ, ಒಳಪಟ್ಟಿಗೂ ತಿರುಪು ಮತ್ತು ಸ್ಪ್ರಿಂಗ್ ಇದೆ. ಬಿಳಿ ಬಟ್ಟೆ ಹಾಸಿ ಬಿಚ್ಚಿ. ತಿರುಪಿನ ತಲೆಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಇಲ್ಲದಿದ್ರೆ ಶುರು ಮಾಡಲೇಬೇಡಿ. ತುಕ್ಕು ಹಿಡಿದ ತಿರುಪಿಗೆ ಹಿಂದಿನ ರಾತ್ರಿ ಎಣ್ಣೆ ಬಿಟ್ಟಿಡಿ.

ಮರ ಇಳಿಸಿದ ಮೇಲೆ ಕುದುರೆಯ ಗಾರ್ಡಿನ ತಿರುಪಿನ ಹಿಂದೆ, ಬಾಡಿ ಒದೆಯುವ ಜಾಗದಲ್ಲಿ ಮರ ಮೆತ್ತಗಾಗಿದೆಯಾ ನೋಡಿ. ಎಣ್ಣೆ ಕುಡಿದು ಮೆತ್ತಗಾದ್ರೆ ಪ್ರತಿ ಈಡಿಗೂ ಬಾಡಿ ಹಿಂದಕ್ಕೆ ಸರಿದು ಮರ ಸೀಳುತ್ತೆ.

ಹಳೇಉಕ್ಕು
ನಳಿಗೆಯ ತಳದ ತುಕ್ಕು ಮಲೆನಾಡಿನ ದೊಡ್ಡ ಪಿಡುಗು. ಮೇಲೆ ಮಿನುಗುತ್ತಾ ಇರುತ್ತೆ, ಮರದೊಳಗೆ ಹೊಂಡ ಬಿದ್ದಿರುತ್ತೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ, ಮರ ನಾಲ್ಕು ತಿಂಗಳು ತೇವ ಕುಡಿದೇ ಇರುತ್ತೆ.

ನಳಿಗೆಯ ಒಳಗೆ: ಬೋಲ್ಟ್ ತೆಗೆದು, ಮೂತಿಯ ಹತ್ತಿರ ಬಿಳಿ ಕಾಗದ ಹಿಡಿದು ಬೆಳಕು ಬಿಟ್ಟು ಹಿಂದಿನಿಂದ ನೋಡಿ. ಮಂಜು ಹಿಡಿದಂತೆ ಮಸುಕಾಗಿದ್ದರೆ ಚಿಂತೆ ಇಲ್ಲ. ಕಪ್ಪು ಚುಕ್ಕೆ ಗಾಡಿಯ ಅಂಚನ್ನೇ ತಿಂದಿದ್ದರೆ ಬೆಲೆ ಇಳಿಯಿತು. ಒಂದು ಕಡೆ ಉಂಗುರದಂತೆ ಕಪ್ಪು ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ. ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಯಾರೋ ಈಡು ಹಾರಿಸಿದ್ದಾರೆ. ಹೊರಗಿನಿಂದ ಬೆರಳಾಡಿಸಿದರೂ ಕೆಲವೊಮ್ಮೆ ಸಿಗುತ್ತೆ. ಅಂಥ ನಳಿಗೆಯಿಂದ ಮತ್ತೆ ಹಾರಿಸಬಾರದು.

ಹೊಂಡ ಬೀಳಲು ಕಾರಣ ಹಳೇ ಸೈನ್ಯದ ತೋಟೆಯ ಕೇಪು. ಅದರೊಳಗಿನ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಪ್ಪಾಗಿ ಉಳಿಯುತ್ತೆ, ಗಾಳಿಯ ನೀರನ್ನು ಎಳೆದುಕೊಳ್ಳುತ್ತೆ. ಎಣ್ಣೆ ಹಾಕಿದರೆ ಉಪ್ಪು ಕರಗೋದಿಲ್ಲ, ಎಣ್ಣೆಯ ಅಡಿಯಲ್ಲೇ ಕೂತು ಕೆಲಸ ಮಾಡುತ್ತೆ. ಬ್ರಿಟಿಷ್ ಸೈನ್ಯ ಆಲಿಕೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದುದು ಇದಕ್ಕೇ. ನೀರು, ನಂತರ ಒಣ ಬಟ್ಟೆ, ಕೊನೆಗೆ ಎಣ್ಣೆ.

ಅಡಿಕೆಭಟ್ರು
ಹಾಗಾದ್ರೆ ಹೊರಗಿನ ತುಕ್ಕಿಗೆ ಎಂತ ಮಾಡೋದು? ಕೊಬ್ಬರಿ ಎಣ್ಣೆ ಸಾಕಾ? ಹಿತ್ತಾಳೆ ತಗಡಿಗೆ ಹುಣಸೆಹಣ್ಣು?

ಹಳೇಉಕ್ಕು
ಎರಡೂ ಬೇಡ ಭಟ್ರೇ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತೆ, ಹಳತಾದರೆ ಅಂಟಾಗಿ ಬೋಲ್ಟಿನ ಸ್ಪ್ರಿಂಗನ್ನೇ ಹಿಡಿದುಬಿಡುತ್ತೆ. ಹುಣಸೆಯ ಹುಳಿ ತಗಡಿನ ಅಂಚಿನಿಂದ ಮರದೊಳಗೆ ಇಳಿದು ತಿರುಪುಗಳನ್ನು ತಿನ್ನುತ್ತೆ. ತೆಳು ಖನಿಜ ಎಣ್ಣೆ ಹಚ್ಚಿ ಒಂದು ದಿನ ಬಿಡಿ. ನಾಲ್ಕು ಸೊನ್ನೆಯ ಸ್ಟೀಲ್ ವೂಲ್‌ನಿಂದ, ಎಣ್ಣೆ ಇದ್ದ ಹಾಗೆಯೇ, ಒತ್ತದೆ ಉಜ್ಜಿ. ಕೆಂಪು ಪುಡಿ ಹೋಗಬೇಕು, ಕೆಳಗಿನ ಕಂದು ಬಣ್ಣ ಉಳಿಯಬೇಕು. ಮುದ್ರೆಗಳ ಮೇಲೆ ಬರೀ ಬಟ್ಟೆ.

ಮರಕ್ಕೆ ವಾರ್ನಿಶ್ ಬೇಡವೇ ಬೇಡ. ಮೂಲದಲ್ಲೇ ಅಗಸೆ ಎಣ್ಣೆ ಕುಡಿಸಿದ ಮರ ಅದು. ಅಂಗೈಯಲ್ಲಿ ನಾಲ್ಕು ಹನಿ, ಬಿಸಿಯಾಗುವಷ್ಟು ತಿಕ್ಕಿ, ಉಳಿದದ್ದು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಬೆಂಕಿ ಹಿಡಿಯುತ್ತೆ. ಹರವಿ ಒಣಗಿಸಿ.

ಶರಾವತಿ_ಹಿನ್ನೀರು
ಆಯುಧ ಪೂಜೆಯ ಮಾತು ಬಂತಲ್ಲ. ಕುಂಕುಮ, ಗಂಧ ಒದ್ದೆ ಇರುತ್ತೆ, ಬೊಟ್ಟು ಇಟ್ಟ ಜಾಗದಲ್ಲೇ ದುಂಡಗೆ ತುಕ್ಕು ಬರುತ್ತೆ. ಬೊಟ್ಟು ಮರಕ್ಕೆ ಇಡಿ, ಉಕ್ಕಿಗೆ ಬೇಡ. ಪೂಜೆ ಆದ ಸಂಜೆಯೇ ಒರೆಸಿ ಎಣ್ಣೆ ಕೈ ಆಡಿಸಿ.

ಹವಾಲ್ದಾರ್_ಸಾಗರ
ಇಡೋದು ಅಟ್ಟದ ಮೇಲೆ ಒಳ್ಳೇದು. ಒಲೆ ಹೊಗೆಗೆ ತೇವ ಬರೋದಿಲ್ಲ.

ಕೋವಿಕಮ್ಮಾರ
ಸಾಹೇಬ್ರೇ, ಅದನ್ನ ಒಪ್ಪೋಕಾಗಲ್ಲ. ಹೊಗೆಯ ಮಸಿ ಹುಳಿ ಇರುತ್ತೆ. ಬಿಸಿಗೆ ಮರ ಒಣಗಿ ಕುಗ್ಗಿ ತಿರುಪೆಲ್ಲ ಸಡಿಲ ಆಗ್ತವೆ. ಜೊತೆಗೆ ಅಟ್ಟಕ್ಕೆ ಬೀಗ ಎಲ್ಲಿದೆ? ಬೀಗ ಇರುವ ಕಬ್ಬಿಣದ ಬೀರು, ಅದರಲ್ಲಿ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದಾಗ ತೆಗೆದು ಬಿಸಿ ಮಾಡಿ ನೀಲಿಗೆ ತಂದು ಮತ್ತೆ ಇಡಿ. ಚರ್ಮದ ಚೀಲ, ಉಣ್ಣೆಯ ಗೌಸಿನಲ್ಲಿ ಮಳೆಗಾಲ ಪೂರ್ತಿ ಇಡಬೇಡಿ, ಎರಡೂ ನೀರು ಹಿಡೀತವೆ. ಬೋಲ್ಟ್ ಬೇರೆ ಕಡೆ ಬೀಗದಲ್ಲಿರಲಿ.

ಹವಾಲ್ದಾರ್_ಸಾಗರ
ಬೀಗದ ಮಾತು ಸರಿ. ಒಪ್ಪಿದೆ.

ಸೊರಬ_ಹುಡುಗ
ಲೈಸೆನ್ಸ್ ಇಲ್ಲದವರು ಈ ಆಸಕ್ತಿ ಇಟ್ಕೊಳ್ಳೋದೇ ಬೇಡ್ವಾ ಹಾಗಾದ್ರೆ?

ಹಳೇಉಕ್ಕು
ಯಾಕೆ ಬೇಡ? ಚರ್ಮದ ಮತ್ತು ಕ್ಯಾನ್ವಾಸ್ ಪಟ್ಟಿ, ಹಿತ್ತಾಳೆಯ ಎಣ್ಣೆ ಬುಡ್ಡಿ, ಪುಲ್‌ಥ್ರೂ, ಐದು ತೋಟೆ ಹಿಡಿಯುವ ಖಾಲಿ ಚಾರ್ಜರ್, ಸೈನ್ಯದ ಕೈಪಿಡಿಗಳು, ಪದಕಗಳು. ಇವಕ್ಕೂ ವರ್ಷ, ಮುದ್ರೆ, ಕಾರ್ಖಾನೆ ಎಲ್ಲ ಇದೆ. ಎಣ್ಣೆ ಬುಡ್ಡಿ ಮತ್ತು ಪುಲ್‌ಥ್ರೂ ಇಡುತ್ತಿದ್ದ ಜಾಗ ಬಟ್ಟಿನ ಹಿತ್ತಾಳೆ ತಗಡಿನ ಬಾಗಿಲ ಹಿಂದೆ, ತುಂಗಾತೀರ ಅವರು ಅಲ್ಲೂ ಇಣುಕಿ ನೋಡಲಿ.

ಕಾಯಿದೆಪುಸ್ತಕ (ಶಿವಮೊಗ್ಗ)
ಒಂದು ಮಾತು ಸೇರಿಸ್ತೀನಿ. ತೋಟೆಯ ಬಿಡಿಭಾಗವೂ ಕಾಯಿದೆಯ ಲೆಕ್ಕದಲ್ಲಿ ಮದ್ದುಗುಂಡೇ, ಆದ್ದರಿಂದ ಖಾಲಿ ಕೇಸ್ ಕೂಡಿಡುವ ಚಟ ಬೇಡ. ಬಯೊನೆಟ್ ಕೂಡ ನೋಡಿಕೊಳ್ಳಿ. 1907ರ ಮಾದರಿಯ ಅಲಗು 17 ಇಂಚು, ನಿಯಮಗಳಲ್ಲಿ 9 ಇಂಚು ಮೀರಿದ ಅಲಗು ಆಯುಧದ ವರ್ಗಕ್ಕೆ ಬರುತ್ತೆ. ಅಧಿಸೂಚನೆ ಆದ ಪ್ರದೇಶದಲ್ಲಿ ಅದಕ್ಕೂ ಲೈಸೆನ್ಸ್ ಬೇಕು.

ತುಂಗಾತೀರ (ತೀರ್ಥಹಳ್ಳಿ)
ಲೈಸೆನ್ಸ್ ಜೊತೆಗೇ ತಗೊಂಡು ಹೋಗಿ ಕುಶಲಿಗರ ಹತ್ತಿರ ನೋಡಿಸಿದ್ದಾಯ್ತು. 7.80ರ ಪಿನ್ ಎರಡೂ ಕಡೆಯಿಂದ ಸಲೀಸಾಗಿ ಇಳಿಯಿತು, 7.95ರದ್ದೂ ಇಳಿಯಿತು. ಅಚ್ಚಿನಲ್ಲಿ ಕೇಸ್ ಉದ್ದ 50. ಬಾಡಿ ಮತ್ತು ಬೋಲ್ಟ್ ನಂಬರ್ ಒಂದೇ. ನಳಿಗೆಯ ಬುಡದಲ್ಲಿ ಬಾಡಿಯ ನಂಬರ್ ಇಲ್ಲ. ಮುಂದಿನ ಮರ ಅರ್ಧಕ್ಕೆ ಕತ್ತರಿಸಿದೆ, ಮೂತಿಯ ಟೋಪಿ ಇಲ್ಲ.

ಹಳೇಉಕ್ಕು
ಅಂದರೆ 1917ರ ಸೈನ್ಯದ ಬಾಡಿ ಮತ್ತು ಬೋಲ್ಟ್, ಅದಕ್ಕೆ ಆಮೇಲೆ .315 ನಳಿಗೆ ಹಾಕಿ ಮರ ಕತ್ತರಿಸಿ ಸ್ಪೋರ್ಟಿಂಗ್ ಮಾಡಿದ್ದು. "ಅಸಲಿ ಯುದ್ಧದ ರೈಫಲ್" ಎಂದು ಯಾರಿಗೂ ಹೇಳುವಂತಿಲ್ಲ, "ಪರಿವರ್ತಿತ" ಎಂದೇ ಬರೆದಿಡಿ. ಈಗ ಹೊಸ ಮರ, ಟೋಪಿ ಹುಡುಕಿ ತಂದು ಸೈನ್ಯದ ವೇಷ ಹಾಕಿಸಲು ಹೋಗಬೇಡಿ. ಆ ಪರಿವರ್ತನೆಯೂ ಭಾರತದ ಬೋರ್ ಕಾಯಿದೆಯ ಕಾಲದ ಗುರುತು, ಇದ್ದ ಹಾಗೇ ಇರಲಿ.

ಅಡಿಕೆಭಟ್ರು
ಎಮರಿ ಪೇಪರ್ ಮಾತು ವಾಪಸ್ ತಗೊಂಡೆ. ಅಗಸೆ ಎಣ್ಣೆ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತೆ?

ಕೋವಿಕಮ್ಮಾರ
ಪೇಂಟ್ ಅಂಗಡಿಯಲ್ಲಿ ಕೇಳಿ. ಬಣ್ಣ ಬೆರೆಸಿದ್ದು ಬೇಡ, ಬರೀ ಎಣ್ಣೆ ಕೊಡಿ ಅನ್ನಿ.

ಕಾಯಿದೆಪುಸ್ತಕ (ಶಿವಮೊಗ್ಗ)
ತುಂಗಾತೀರ ಅವರೇ, ಲೈಸೆನ್ಸಿನಲ್ಲಿ ಬರೆದಿರುವ ನಂಬರ್ ಬಾಡಿಯ ನಂಬರಿಗೆ ತಾಳೆ ಆಗುತ್ತಾ ನೋಡಿ. ಹಳೇ ಪುಸ್ತಕಗಳಲ್ಲಿ ಒಂದಂಕಿ ಬಿಟ್ಟುಹೋಗಿರುತ್ತೆ, ಇಲ್ಲವೇ ನಳಿಗೆಯ ನಂಬರ್ ಬರೆದಿರುತ್ತಾರೆ. ವ್ಯತ್ಯಾಸ ಇದ್ರೆ ಎಲ್ಲಾ ಮುದ್ರೆಗಳ ಫೋಟೋ, ಕುಶಲಿಗರ ಅಳತೆ ಚೀಟಿ ಇಟ್ಟು ಡಿಸಿ ಕಚೇರಿಗೆ ತಿದ್ದುಪಡಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ರೆ, ಅಥವಾ ಆ ಬಂದೂಕು 25 ವರ್ಷದಿಂದ ಅವರ ಬಳಿ ಇದ್ರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಲು 2016ರ ನಿಯಮಗಳಲ್ಲಿ ಅವಕಾಶ ಇದೆ. ತೀರಿಹೋದ ಮೇಲೆ ಹೊಸ ಲೈಸೆನ್ಸ್ ಆಗುವ ತನಕ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಲೇಬೇಕು, ಮತ್ತೆ ಠಾಣೆಯ ಮೂಲೆಯಲ್ಲಿ ಎರಡು ಮಳೆಗಾಲ ನಿಂತ ರೈಫಲ್ ಹೇಗೆ ವಾಪಸ್ ಬರುತ್ತೆ ಅಂತ ಇಲ್ಲಿರುವವರಿಗೆ ಗೊತ್ತು. ತಿದ್ದುಪಡಿ, ವರ್ಗಾವಣೆ ಎರಡೂ ಅರ್ಜಿ ಒಟ್ಟಿಗೇ ಹಾಕಿಬಿಡಿ.